ಸರ್ರಾ ರೋಗದಲ್ಲಿ ಹಸುವಿನ ರಕ್ತ ಎಲ್ಲಿಗೆ ಹೋಗುತ್ತದೆ? ಏಕಕೋಶ ಪರಾವಲಂಬಿಗಳು ಬಿಡುವ ಸೂಕ್ಷ್ಮ ಗುಳ್ಳೆಗಳು



ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಸಂಘದ ವ್ಯಾಪ್ತಿಯ ಹಳ್ಳಿಯಲ್ಲಿ ಎಚ್.ಎಫ್. ಮಿಶ್ರತಳಿ ಹಸುವೊಂದನ್ನು ನೋಡಲು ಹೋಗಿದ್ದೆ. ಎರಡನೇ ಸೂಲಿನ ಹಸು, ಕರು ಹಾಕಿ ಮೂರು ತಿಂಗಳಾಗಿತ್ತು. ದಿನಕ್ಕೆ 14 ಲೀಟರ್ ಕೊಡುತ್ತಿದ್ದದ್ದು 6 ಲೀಟರಿಗೆ ಇಳಿದಿತ್ತು. "ಜ್ವರ ಬರ್ತದೆ, ಹೋಗ್ತದೆ ಡಾಕ್ಟ್ರೇ. ಬಂದ ದಿನ ಮೇವು ಮೂಸಲ್ಲ, ಮೂರು ದಿನ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ತಿಂತದೆ" ಎಂದರು ಮನೆಯ ಯಜಮಾನರು. ಕಣ್ಣಿನ ಒಳರೆಪ್ಪೆ ಸುಣ್ಣ ಬಳಿದಂತೆ ಬಿಳಿಚಿತ್ತು. ಮೂತ್ರದ ಬಣ್ಣ ಮಾತ್ರ ಸರಿಯಾಗಿಯೇ ಇತ್ತು. ಕಿವಿಯ ಸಂದಿಯಲ್ಲಿ ನಾಲ್ಕಾರು ಉಣ್ಣೆಗಳೂ ಇದ್ದವು.

ಆ ದಿನ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಲೇಪ ಮಾಡಿ ನೋಡಿದೆ. ಏನೂ ಕಾಣಲಿಲ್ಲ. ಹಸುವಿಗೆ ಆ ಹೊತ್ತಿನಲ್ಲಿ ಜ್ವರವೂ ಇರಲಿಲ್ಲ. ರಕ್ತಹೀನತೆಗೆಂದು ಕಬ್ಬಿಣಾಂಶದ ಚುಚ್ಚುಮದ್ದು, ಲಿವರ್ ಟಾನಿಕ್, ಉಣ್ಣೆಗೆ ಔಷಧ ಕೊಟ್ಟು ಬಂದೆ. ಹತ್ತು ದಿನದ ಮೇಲೆ ಮತ್ತೆ ಕರೆ ಬಂತು. ಈ ಸಲ 105 ಡಿಗ್ರಿ ಜ್ವರ, ಗಂಗೆದೊಗಲಿನಲ್ಲಿ ನೀರು ತುಂಬಿದ ಊತ, ಹಾಲು ಮೂರು ಲೀಟರು. ರಕ್ತವನ್ನು ಸೀಸೆಯಲ್ಲಿ ತೆಗೆದುಕೊಂಡು, ಆ ಮನೆಯ ಡಿಗ್ರಿ ಓದುವ ಹುಡುಗನನ್ನೂ ಜೊತೆಗೆ ಕರೆದುಕೊಂಡು ಬಂದು ಸೂಕ್ಷ್ಮದರ್ಶಕದಡಿ ಇಟ್ಟೆ. ಕೆಂಪು ರಕ್ತಕಣಗಳ ನಡುವೆ ಒಂದೇ ಒಂದು ಜೀವಿ, ನೀರಿಗೆ ಬಿಟ್ಟ ಹಾವುಮೀನಿನ ಮರಿಯಂತೆ ಹೊರಳುತ್ತಾ ಕಣಗಳನ್ನು ಅತ್ತಿತ್ತ ತಳ್ಳುತ್ತಿತ್ತು. ಟ್ರಿಪನೊಸೋಮ ಇವಾನ್ಸಿ. ಸರ್ರಾ ರೋಗ.

ಹುಡುಗ ತಾನೂ ಕಣ್ಣಿಟ್ಟು ನೋಡಿದ. ಸ್ವಲ್ಪ ಹೊತ್ತು ನೋಡಿ, "ಡಾಕ್ಟ್ರೇ, ಇಷ್ಟು ಕಣಗಳ ಮಧ್ಯೆ ಒಂದೇ ಹುಳ ಇದೆ. ಇದೊಂದು ಅಷ್ಟೂ ರಕ್ತ ಕುಡೀತದಾ?" ಎಂದು ಕೇಳಿದ.

ಪ್ರಶ್ನೆ ಸರಿಯಾಗಿಯೇ ಇದೆ. ಇದಕ್ಕೆ ಉತ್ತರ ಹೇಳಬೇಕಾದರೆ ಈಚೆಗೆ ಹತ್ತು ವರ್ಷಗಳಲ್ಲಿ ಗೊತ್ತಾದ ಒಂದು ವಿಷಯವನ್ನು ತಮ್ಮ ಮುಂದೆ ಇಡಬೇಕು. ಓದಲು ಸ್ವಲ್ಪ ತಾಳ್ಮೆ ಬೇಕಾದೀತು. ಆದರೆ ಇದು ತಿಳಿದರೆ ಮೊದಲ ದಿನ ನಾನು ಕೊಟ್ಟ ಟಾನಿಕ್ ಏಕೆ ಕೆಲಸ ಮಾಡಲಿಲ್ಲ ಎಂಬುದೂ ತಿಳಿಯುತ್ತದೆ.

ಮೊದಲು ಈ ಜೀವಿಯ ಪರಿಚಯ. ನಾವು ರೂಢಿಯಲ್ಲಿ ಹುಳ ಎಂದರೂ ಇದು ಹೊಟ್ಟೆಯ ಜಂತುಹುಳುವಿನಂಥದ್ದಲ್ಲ. ಒಂದೇ ಒಂದು ಜೀವಕೋಶದ ಪ್ರಾಣಿ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತೇವೆ. ಸರ್ರಾ ಜೀವಿಯ ಉದ್ದ ಸುಮಾರು 25 ಮೈಕ್ರಾನ್, ಹಸುವಿನ ಕೆಂಪು ರಕ್ತಕಣದ ಅಗಲ ಐದಾರು ಮೈಕ್ರಾನ್. ಇದಕ್ಕೆ ಬಾಯಿಲ್ಲ, ಹಲ್ಲಿಲ್ಲ, ರಕ್ತಕಣದ ಒಳಗೂ ಹೊಕ್ಕುವುದಿಲ್ಲ. ರಕ್ತದ ನೀರಿನ ಭಾಗದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ ಈಜಾಡುತ್ತಾ ಅಲ್ಲಿರುವ ಸಕ್ಕರೆ ಅಂಶವನ್ನು ಹೀರಿಕೊಂಡು ಬದುಕುತ್ತದೆ. ಎರಡಾಗಿ ಸೀಳಿಕೊಂಡು ವೃದ್ಧಿಯಾಗುತ್ತದೆ. ಮೈಯ ಒಂದು ಬದಿಗೆ ಅಂಟಿಕೊಂಡಂತೆ ಚಾವಟಿಯಂಥ ಒಂದು ಎಳೆ ಇದೆ. ಅದನ್ನು ಬೀಸಿಯೇ ಅದು ಚಲಿಸುವುದು. ಈ ಚಾವಟಿಯನ್ನು ನೆನಪಿನಲ್ಲಿಡಿ, ಕಥೆ ಮತ್ತೆ ಅಲ್ಲಿಗೇ ಬರುತ್ತದೆ.

1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಸೇನಾ ಪಶುವೈದ್ಯರು ಆಗಿನ ಪಂಜಾಬ್ ಪ್ರಾಂತ್ಯದ, ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಸಾಯುತ್ತಿದ್ದ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡರು. ಟ್ರಿಪನೊಸೋಮಗಳು ರೋಗ ತರುತ್ತವೆ ಎಂದು ಜಗತ್ತಿಗೆ ಗೊತ್ತಾದದ್ದು ಅಲ್ಲಿಂದ, ಅವರ ಹೆಸರೇ ಇದಕ್ಕೆ ಉಳಿದಿದೆ. ಇದರ ಮೂಲ ಮನೆ ಆಫ್ರಿಕಾ. ಅಲ್ಲಿ ಜನರಿಗೆ ನಿದ್ರಾರೋಗ, ದನಗಳಿಗೆ ನಗಾನ ರೋಗ ತರುವ ಟ್ರಿಪನೊಸೋಮ ಬ್ರೂಸಿ ಇದರ ಒಡಹುಟ್ಟು. ಬ್ರೂಸಿಗೆ ಸೆಟ್ಸಿ ನೊಣದ ಹೊಟ್ಟೆಯಲ್ಲಿ ಬೆಳೆಯಲೇಬೇಕು. ನಮ್ಮ ಇವಾನ್ಸಿ ಆ ಹಂಗನ್ನು ಕಳೆದುಕೊಂಡು ಯಾವ ಕಚ್ಚುವ ನೊಣದ ಬಾಯಿಗೆ ಅಂಟಿದರೂ ಸಾಕು ಎಂಬ ಸ್ಥಿತಿಗೆ ಬಂದಿದೆ. ಹಾಗಾಗಿಯೇ ಸೆಟ್ಸಿ ನೊಣವಿಲ್ಲದ ನಮ್ಮ ದೇಶದಲ್ಲೂ ಅದು ನೆಲೆಯೂರಿತು.

ಇನ್ನು ಗುಳ್ಳೆಗಳ ವಿಷಯ. ಜೀವಕೋಶಗಳು ತಮ್ಮ ಪೊರೆಯ ಚೂರನ್ನೇ ಗುಳ್ಳೆಯಾಗಿ ಉಬ್ಬಿಸಿ, ಒಳಗೆ ಏನಾದರೂ ತುಂಬಿ, ಹೊರಕ್ಕೆ ಬಿಡುತ್ತವೆ. ವಿಜ್ಞಾನಿಗಳು ಇವಕ್ಕೆ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್ ಎನ್ನುತ್ತಾರೆ. ನಾವು ಸೂಕ್ಷ್ಮ ಗುಳ್ಳೆ ಎನ್ನೋಣ. ಇದು ನಿಮಗೆ ತೀರ ಅಪರಿಚಿತವೇನಲ್ಲ, ಏಕೆಂದರೆ ನಮ್ಮ ಒಕ್ಕೂಟ ನಿಮಗೆ ಕೊಡುವ ದರದಲ್ಲಿ ಇಂಥದ್ದೇ ಒಂದು ಕೆಲಸದ ಪಾಲಿದೆ! ಕೆಚ್ಚಲಿನ ಒಳಗಿನ ಕೋಶದಲ್ಲಿ ಜಿಡ್ಡಿನ ಹನಿ ತಯಾರಾಗಿ ಕೋಶದ ತುದಿಗೆ ಬಂದು ಹೊರಕ್ಕೆ ಒತ್ತುತ್ತದೆ. ಕೋಶದ ಪೊರೆ ಆ ಹನಿಯನ್ನು ಸುತ್ತಿಕೊಂಡು, ಕುತ್ತಿಗೆ ಕಿರಿದಾಗಿ, ಕೊನೆಗೆ ಕಡಿದುಕೊಂಡು ಹಾಲಿಗೆ ಬೀಳುತ್ತದೆ. ಹಾಲಿನ ಪ್ರತಿ ಜಿಡ್ಡಿನ ಕಣದ ಮೈಮೇಲೂ ಕೆಚ್ಚಲಿನ ಕೋಶದ ಪೊರೆಯ ಹೊದಿಕೆ ಇರುತ್ತದೆ. ಆ ಹೊದಿಕೆ ಇರುವುದರಿಂದಲೇ ಜಿಡ್ಡು ಒಂದಕ್ಕೊಂದು ಅಂಟದೆ ಹಾಲಿನಲ್ಲಿ ತೇಲುತ್ತದೆ. ಕಡೆಗೋಲು ಹಾಕಿ ಕಡೆದಾಗ ಹೊದಿಕೆ ಹರಿದು ಜಿಡ್ಡು ಒಟ್ಟುಗೂಡಿ ಬೆಣ್ಣೆಯಾಗುತ್ತದೆ.

ಸೂಕ್ಷ್ಮ ಗುಳ್ಳೆ ಇದಕ್ಕಿಂತ ತುಂಬ ಚಿಕ್ಕದು. ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದ ಆಸುಪಾಸು. ಒಂದು ಕೆಂಪು ರಕ್ತಕಣದ ಅಗಲಕ್ಕೆ ಇಂಥ ಐವತ್ತು ಗುಳ್ಳೆಗಳನ್ನು ಸಾಲಾಗಿ ಜೋಡಿಸಬಹುದು. ನಮ್ಮ ಆಸ್ಪತ್ರೆಯ ಸೂಕ್ಷ್ಮದರ್ಶಕದಲ್ಲಿ ಕಾಣಿಸುವುದಿಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಇವು ಮೊದಲು ಸರಿಯಾಗಿ ಗಮನಕ್ಕೆ ಬಂದದ್ದೂ ಒಂದು ಸಾಕುಪ್ರಾಣಿಯ ರಕ್ತದಲ್ಲೇ. 1983ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೋಸ್ ಜಾನ್‌ಸ್ಟೋನ್ ಮತ್ತು ಅವರ ಸಹೋದ್ಯೋಗಿ ಕುರಿಯ ಎಳೆಯ ರಕ್ತಕಣಗಳು ಬಲಿಯುವುದನ್ನು ಅಭ್ಯಾಸ ಮಾಡುತ್ತಿದ್ದರು. ಅಮೆರಿಕದ ಇನ್ನೊಂದು ತಂಡ ಅದೇ ವರ್ಷ ಇಲಿಯ ರಕ್ತಕಣದಲ್ಲಿ ಇದನ್ನೇ ಕಂಡಿತು. ಎಳೆಯ ಕಣ ಬಲಿಯುವಾಗ ತನಗೆ ಇನ್ನು ಬೇಡವಾದ, ಕಬ್ಬಿಣ ಹಿಡಿಯುವ ಪ್ರೋಟೀನನ್ನು ಚಿಕ್ಕ ಗುಳ್ಳೆಗಳಲ್ಲಿ ಕಟ್ಟಿ ಹೊರಗೆ ಹಾಕುತ್ತಿತ್ತು. ಆಗ ಎಲ್ಲರೂ ಇದನ್ನು ಕಸ ಹೊರಹಾಕುವ ವ್ಯವಸ್ಥೆ ಎಂದೇ ತಿಳಿದರು. ಕಸದ ಬುಟ್ಟಿ ಎಂದುಕೊಂಡದ್ದು ಟಪಾಲು ಚೀಲವೂ ಹೌದೆಂದು ತಿಳಿಯಲು ಬಹಳ ವರ್ಷ ಬೇಕಾಯಿತು. ಒಂದು ಕೋಶ ಬಿಟ್ಟ ಗುಳ್ಳೆ ಇನ್ನೊಂದು ಕೋಶಕ್ಕೆ ಹೋಗಿ ಅಂಟಿಕೊಂಡು, ಒಳಗಿದ್ದ ಪ್ರೋಟೀನ್, ಆರ್‌ಎನ್‌ಎ ಮುಂತಾದವನ್ನು ಅದಕ್ಕೆ ತಲುಪಿಸಬಲ್ಲದು.

ಗುಳ್ಳೆ ಮಾಡುವ ದಾರಿ ಮುಖ್ಯವಾಗಿ ಎರಡು. ಒಂದರಲ್ಲಿ ಕೋಶದ ಒಳಗೇ ಒಂದು ದೊಡ್ಡ ಚೀಲ ಇದ್ದು, ಅದರ ಗೋಡೆ ಒಳಮುಖವಾಗಿ ಉಬ್ಬಿ ಚೀಲದೊಳಗೆ ಚಿಕ್ಕ ಚಿಕ್ಕ ಗುಳ್ಳೆಗಳು ತುಂಬಿಕೊಳ್ಳುತ್ತವೆ, ದಾಳಿಂಬೆಯೊಳಗೆ ಕಾಳು ತುಂಬಿದಂತೆ. ಆಮೇಲೆ ಆ ದೊಡ್ಡ ಚೀಲ ಕೋಶದ ಅಂಚಿಗೆ ಬಂದು ಹೊರಪೊರೆಯೊಂದಿಗೆ ಬೆಸೆದುಕೊಂಡು ಬಾಯಿ ತೆರೆಯುತ್ತದೆ, ಕಾಳುಗಳು ಹೊರಗೆ ಸುರಿಯುತ್ತವೆ. ಇವಕ್ಕೆ ಎಕ್ಸೊಸೋಮ್ ಎಂದು ಹೆಸರು. ಇನ್ನೊಂದು ದಾರಿ ನೇರ: ಹೊರಪೊರೆಯೇ ಹೊರಮುಖವಾಗಿ ಉಬ್ಬಿ ಕಡಿದುಕೊಳ್ಳುವುದು, ಹಾಲಿನ ಜಿಡ್ಡಿನ ಕಣದ ಹಾಗೆ.

ಟ್ರಿಪನೊಸೋಮಕ್ಕೆ ಈ ಎರಡನೇ ದಾರಿ ಹಿಡಿಯಲು ಒಂದು ತೊಡಕಿದೆ. ಅದರ ಮೈಪೊರೆಯ ಅಡಿಯಲ್ಲಿ ಉದ್ದುದ್ದಕ್ಕೆ ಒತ್ತಾಗಿ ನೇಯ್ದ ಗಟ್ಟಿ ಎಳೆಗಳ ಕವಚವಿದೆ, ಬುಟ್ಟಿ ಹೆಣೆದಂತೆ. ಅದರಿಂದಾಗಿ ಮೈಯ ಬಹುಭಾಗದಲ್ಲಿ ಪೊರೆ ಉಬ್ಬಲಿಕ್ಕೂ ಆಗುವುದಿಲ್ಲ, ಒಳಕ್ಕೆ ಮಡಚಲಿಕ್ಕೂ ಆಗುವುದಿಲ್ಲ. ಚಾವಟಿ ಮೈಯಿಂದ ಹೊರಬರುವ ಬುಡದಲ್ಲಿ ಜೇಬಿನಂಥ ಒಂದು ಸಣ್ಣ ತಗ್ಗು ಇದೆ. ಆಹಾರ ಒಳತೆಗೆದುಕೊಳ್ಳುವುದು, ಒಳಗಿನ ಸರಕು ಹೊರಗೆ ಹಾಕುವುದು ಎಲ್ಲವೂ ಆ ಒಂದೇ ಬಾಗಿಲಲ್ಲಿ.

ಹಾಗಾದರೆ ಗುಳ್ಳೆ ಎಲ್ಲಿಂದ? ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಆಂಥೊನಿ ಸೆಂಪ್ರಕ್, ಸ್ಟೀಫನ್ ಹಜ್ಡುಕ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ರಕ್ತದಲ್ಲಿ ಈಜುವ ಟ್ರಿಪನೊಸೋಮ ಬ್ರೂಸಿಯ ಚಾವಟಿಯ ಪೊರೆಯಿಂದ ಕೂದಲಿಗಿಂತ ಎಷ್ಟೋ ತೆಳ್ಳಗಿನ ಕೊಳವೆಗಳು ಹೊರಚಾಚುತ್ತವೆ. ಈ ಕೊಳವೆ ಹೆಚ್ಚು ಹೊತ್ತು ಕೊಳವೆಯಾಗಿ ಉಳಿಯುವುದಿಲ್ಲ. ಅಲ್ಲಲ್ಲಿ ಕಿರಿದಾಗಿ ಮಣಿಸರದಂತಾಗಿ, ಒಂದೊಂದೇ ಮಣಿ ಬಿಡಿಸಿಕೊಂಡು ಬಿಡಿ ಗುಳ್ಳೆಗಳಾಗಿ ರಕ್ತದಲ್ಲಿ ತೇಲುತ್ತದೆ. ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ದಾರ ಕೆಳಗೆ ಬರುಬರುತ್ತಾ ಹನಿಹನಿಯಾಗಿ ಒಡೆಯುವುದನ್ನು ನೋಡಿರುತ್ತೀರಿ. ನೋಟಕ್ಕೆ ಹೆಚ್ಚುಕಡಿಮೆ ಹಾಗೆಯೇ.

ಆ ಗುಳ್ಳೆಗಳ ಮೈಮೇಲೆ ಟ್ರಿಪನೊಸೋಮದ್ದೇ ಹೊದಿಕೆ ಪ್ರೋಟೀನ್ ಇರುತ್ತದೆ, ಒಳಗೆ ಚಾವಟಿಯ ಕೆಲವು ಪ್ರೋಟೀನುಗಳು. ಇವು ಕೆಂಪು ರಕ್ತಕಣಕ್ಕೆ ತಾಗಿದಾಗ ಬರೀ ಅಂಟಿಕೊಳ್ಳುವುದಿಲ್ಲ, ಪೊರೆಗೆ ಪೊರೆ ಬೆಸೆದು ಒಂದಾಗಿಬಿಡುತ್ತವೆ. ಅಂದರೆ ಪರಾವಲಂಬಿಯ ಪೊರೆಯ ತೇಪೆ ಹಸುವಿನದೇ ರಕ್ತಕಣದ ಮೇಲೆ ಕೂರುತ್ತದೆ. ಕಣದ ಪೊರೆಯ ಗುಣವೂ ಬದಲಾಗುತ್ತದೆ.

ಮುಂದಿನದನ್ನು ನಿಮಗೆ ತಿಳಿದ ಮಾತಿನಲ್ಲಿ ಹೇಳುವುದಾದರೆ, ಇದು ಕಿವಿಯೋಲೆ ಬದಲಾಯಿಸುವ ಕೆಲಸ. ನಿಮ್ಮ ಹಸುವಿನ ಕಿವಿಗೆ ರಾತ್ರೋರಾತ್ರಿ ಯಾರೋ ಬೇರೆಯವರ ಓಲೆ ಹಾಕಿಬಿಟ್ಟರು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಕಾವಲುಗಾರ ಓಲೆ ನೋಡಿ, ಇದು ನಮ್ಮದಲ್ಲ ಎಂದು ಹಸುವನ್ನು ದೊಡ್ಡಿಗೆ ಹೊಡೆಯುತ್ತಾನೆ. ಹಸು ನಿಮ್ಮದೇ, ಏನೂ ತಪ್ಪು ಮಾಡಿಲ್ಲ. ದೇಹದಲ್ಲಿ ಆ ಕಾವಲುಗಾರ ಎಂದರೆ ಗುಲ್ಮ ಮತ್ತು ಯಕೃತ್ತಿನಲ್ಲಿರುವ ಭಕ್ಷಕ ಕೋಶಗಳು. ಮುದಿಯಾದ, ಹಾಳಾದ ರಕ್ತಕಣಗಳನ್ನು ಹಿಡಿದು ನುಂಗುವುದು ಅವುಗಳ ದಿನನಿತ್ಯದ ಕೆಲಸ. ಹಸುವಿನ ಕೆಂಪುಕಣ ಸಾಮಾನ್ಯವಾಗಿ ಐದು ತಿಂಗಳ ಹತ್ತಿರ ಬಾಳುತ್ತದೆ. ಪರಕೀಯ ಗುರುತು ಬಿದ್ದ ಕಣವನ್ನು ಅವು ಅಷ್ಟು ದಿನ ಬಿಡುವುದಿಲ್ಲ. ಮೇಲಿನ ಸಂಶೋಧಕರು ಪರಾವಲಂಬಿಯನ್ನು ಬಿಟ್ಟು ಬರೀ ಗುಳ್ಳೆಗಳನ್ನು ಇಲಿಗಳಿಗೆ ಕೊಟ್ಟು ನೋಡಿದಾಗಲೂ ಕೆಂಪುಕಣಗಳು ಬೇಗ ತೆರವಾಗಿ ರಕ್ತಹೀನತೆ ಉಂಟಾಯಿತು.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಹುಳ ರಕ್ತ ಕುಡಿಯುವುದಿಲ್ಲ. ರಕ್ತವನ್ನು ನುಂಗುತ್ತಿರುವುದು ಹಸುವಿನ ಸ್ವಂತ ಗುಲ್ಮ. ಒಂದು ಪರಾವಲಂಬಿ ಬಿಡುವ ಗುಳ್ಳೆಗಳು ತಾನು ಮುಟ್ಟದ ಕಣಗಳನ್ನೂ ತಲುಪುತ್ತವೆ. ಹಾಗಾಗಿ ಗಾಜಿನ ಮೇಲೆ ಒಂದೇ ಹುಳ ಕಂಡಿತು, ಅಥವಾ ಏನೂ ಕಾಣಲಿಲ್ಲ ಎಂದು ರೋಗ ಸಣ್ಣದು ಎನ್ನುವಂತಿಲ್ಲ.

ಆ ಪ್ರಯೋಗ ನಡೆದದ್ದು ಆಫ್ರಿಕಾದ ಬ್ರೂಸಿ ಜಾತಿಯ ಮೇಲೆ ಎಂಬುದನ್ನು ನೆನಪಿಡಬೇಕು. ನಮ್ಮ ಇವಾನ್ಸಿಯ ಚಾವಟಿ, ಹೊದಿಕೆ, ಮೈಕಟ್ಟು ಅದರಂತೆಯೇ ಇವೆ, ಸರ್ರಾ ಹಸುವಿನ ರಕ್ತಹೀನತೆಯ ಲಕ್ಷಣಗಳೂ ಆ ವಿವರಣೆಗೆ ಹೊಂದುತ್ತವೆ. ಗುಳ್ಳೆ ಒಂದೇ ಕಾರಣ ಎಂದೂ ಹೇಳುವುದಿಲ್ಲ. ಸೋಂಕಿನಿಂದ ಕೆರಳಿದ ಭಕ್ಷಕ ಕೋಶಗಳು ಗುರುತಿಲ್ಲದ ಕಣಗಳನ್ನೂ ನುಂಗುತ್ತವೆ, ಮೂಳೆಯ ಮಜ್ಜೆ ಹೊಸ ಕಣ ಮಾಡುವುದೂ ನಿಧಾನವಾಗುತ್ತದೆ.

ಮೂತ್ರದ ಬಣ್ಣದ ಗುಟ್ಟೂ ಇಲ್ಲೇ ಇದೆ. ಉಣ್ಣೆಯಿಂದ ಬರುವ ಬೆಬೀಸಿಯ ರೋಗದಲ್ಲಿ ಪರಾವಲಂಬಿ ಕೆಂಪುಕಣದ ಒಳಗೇ ಬೆಳೆದು ಅದನ್ನು ರಕ್ತನಾಳದಲ್ಲೇ ಒಡೆಯುತ್ತದೆ. ಕೆಂಪು ಬಣ್ಣ ಮೂತ್ರಕ್ಕೆ ಇಳಿದು ಕಾಫಿ ಡಿಕಾಕ್ಷನ್‌ನಂತೆ ಕಾಣುತ್ತದೆ. ಸರ್ರಾದಲ್ಲಿ ಕಣಗಳು ಗುಲ್ಮದೊಳಗೆ ಸದ್ದಿಲ್ಲದೆ ಸಾಯುವುದರಿಂದ ಮೂತ್ರ ಸಾಮಾನ್ಯವಾಗಿ ಕೆಂಪಾಗುವುದಿಲ್ಲ. ಮೂತ್ರ ಸರಿಯಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವ ರೈತರು ಬಹಳ ಮಂದಿ. ದಯವಿಟ್ಟು ಕಣ್ಣಿನ ಒಳರೆಪ್ಪೆಯನ್ನೂ ಬಿಡಿಸಿ ನೋಡಿ.

ಇನ್ನು ನನ್ನ ಮೊದಲ ದಿನದ ಟಾನಿಕ್. ಉಣ್ಣೆ ಅಥವಾ ಹೊಟ್ಟೆಯ ರಕ್ತ ಹೀರುವ ಜಂತುಹುಳುಗಳಿಂದ ರಕ್ತಹೀನತೆ ಬಂದಾಗ ರಕ್ತದೊಂದಿಗೆ ಕಬ್ಬಿಣವೂ ದೇಹದಿಂದ ಹೊರಗೆ ಹೋಗುತ್ತದೆ. ಅಲ್ಲಿ ಕಬ್ಬಿಣ ಕೊಟ್ಟರೆ ಉಪಯೋಗವಿದೆ. ಸರ್ರಾದಲ್ಲಿ ಕಬ್ಬಿಣ ಎಲ್ಲಿಗೂ ಹೋಗಿಲ್ಲ, ಕಣಗಳನ್ನು ನುಂಗಿದ ಭಕ್ಷಕ ಕೋಶಗಳಲ್ಲೇ ದಾಸ್ತಾನಾಗಿದೆ. ಕಣಜ ತುಂಬಿ ಬೀಗ ಬಿದ್ದಿರುವಾಗ ಹೊರಗಿನಿಂದ ಇನ್ನೊಂದು ಮೂಟೆ ತಂದು ಹಾಕಿದಂತಾಯಿತು ನನ್ನ ಚಿಕಿತ್ಸೆ. ಪರಾವಲಂಬಿ ಸಾಯುವವರೆಗೆ ಗುಳ್ಳೆಗಳು ಬರುತ್ತಲೇ ಇರುತ್ತವೆ, ಹೊಸದಾಗಿ ಹುಟ್ಟಿದ ಕಣಗಳಿಗೂ ಅದೇ ಓಲೆ ಬೀಳುತ್ತದೆ. ಹುಳ ಸತ್ತ ಮೇಲೆ ಒಳ್ಳೆಯ ಹಿಂಡಿ, ಹಸಿರು ಮೇವು, ಖನಿಜ ಮಿಶ್ರಣ, ಟಾನಿಕ್ ಎಲ್ಲವೂ ಮಜ್ಜೆಗೆ ನೆರವಾಗುತ್ತವೆ.

ಗುಳ್ಳೆಗಳು ಹಸುವಿನ ಕಣಗಳಿಗೆ ಮಾತ್ರ ಹೋಗುವುದಿಲ್ಲ, ಒಂದು ಪರಾವಲಂಬಿಯಿಂದ ಇನ್ನೊಂದಕ್ಕೂ ಹೋಗುತ್ತವೆ. ಮನುಷ್ಯರ ರಕ್ತದಲ್ಲಿ ಅಪೊಎಲ್1 ಎಂಬ ಪ್ರೋಟೀನ್ ಇದೆ. ಅದು ಬಹುತೇಕ ಟ್ರಿಪನೊಸೋಮಗಳನ್ನು ಒಡೆದು ಕೊಲ್ಲುತ್ತದೆ. ಸರ್ರಾ ನಮಗೆ ಬಾರದಿರುವುದಕ್ಕೆ ಅದೇ ಕಾರಣ. ಆದರೆ ಪೂರ್ವ ಆಫ್ರಿಕಾದಲ್ಲಿ ನಿದ್ರಾರೋಗ ತರುವ ಉಪಜಾತಿಯೊಂದು ಇದನ್ನು ತಡೆಯುವ ತನ್ನದೇ ಪ್ರೋಟೀನ್ ಮಾಡಿಕೊಂಡಿದೆ. ಅದೇ 2016ರ ಸಂಶೋಧನೆಯಲ್ಲಿ, ಈ ಉಪಜಾತಿಯ ಗುಳ್ಳೆಗಳು ಆ ರಕ್ಷಕ ಪ್ರೋಟೀನನ್ನು ಅದಿಲ್ಲದ ಟ್ರಿಪನೊಸೋಮಗಳಿಗೆ ದಾಟಿಸಿ, ಅವೂ ಮನುಷ್ಯರ ರಕ್ತದ್ರವದಲ್ಲಿ ಬದುಕುವಂತೆ ಮಾಡಿದವು. ವಂಶವಾಹಿ ಬದಲಾಗಿಲ್ಲ, ಮಳೆಯಲ್ಲಿ ನಿಂತವನಿಗೆ ಪಕ್ಕದವನು ಕೊಡೆ ಎರವಲು ಕೊಟ್ಟಂತೆ. ನಮ್ಮ ಇವಾನ್ಸಿಯಲ್ಲಿ ಆ ಕೊಡೆ ಇಲ್ಲ. ಆದರೂ 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರಿಗೆ ಸರ್ರಾ ಸೋಂಕು ದೃಢಪಟ್ಟಿತ್ತು. ಪರೀಕ್ಷಿಸಿದಾಗ ಅವರ ರಕ್ತದಲ್ಲಿ ಹುಟ್ಟಿನಿಂದಲೇ ಅಪೊಎಲ್1 ಕೆಲಸ ಮಾಡುತ್ತಿರಲಿಲ್ಲ ಎಂದು ತಿಳಿಯಿತು. ಚಿಕಿತ್ಸೆಯಿಂದ ಗುಣಮುಖರಾದರು. ತೀರ ಅಪರೂಪದ ಪ್ರಕರಣವಿದು, ಹೆದರಬೇಕಾಗಿಲ್ಲ. ಕೈಯಲ್ಲಿ ಗಾಯವಿದ್ದಾಗ ರೋಗದ ರಾಸಿನ ರಕ್ತ, ಕಸ ಮುಟ್ಟದಿರುವುದು, ಹಾಲು ಕಾಯಿಸಿ ಕುಡಿಯುವುದು ಎಲ್ಲ ಕಾಲಕ್ಕೂ ಒಳ್ಳೆಯ ಅಭ್ಯಾಸ.

ಇಸ್ರೇಲಿನ ಬಾರ್-ಇಲಾನ್ ವಿಶ್ವವಿದ್ಯಾಲಯದವರು 2017ರಲ್ಲಿ ಇನ್ನೊಂದು ವಿಚಿತ್ರ ತೋರಿಸಿದರು. ಸೆಟ್ಸಿ ನೊಣದಲ್ಲಿರುವ ಹಂತದ ಬ್ರೂಸಿಗಳಿಗೆ ಒಳಗಿನ ಕೆಲಸ ಕೆಟ್ಟು ಸಂಕಟವಾದಾಗ ಅವು ಎಕ್ಸೊಸೋಮ್ ಗುಳ್ಳೆಗಳನ್ನು ಬಿಡುತ್ತವೆ, ಅದು ತಾಗಿದ ಆರೋಗ್ಯವಂತ ಬ್ರೂಸಿಗಳು ಆ ಕಡೆ ಬಾರದೆ ದೂರ ಸರಿಯುತ್ತವೆ. ಒಂದೇ ಕೋಶದ ಜೀವಿ, ಮಿದುಳಿಲ್ಲ, ನರವಿಲ್ಲ, ಆದರೂ ಬೇರೆಯವಕ್ಕೆ ಎಚ್ಚರಿಕೆ ಕೊಡುತ್ತದೆ. ಮಲೇರಿಯಾದ ಪರಾವಲಂಬಿಯೂ ತಾನು ಹೊಕ್ಕ ರಕ್ತಕಣದಿಂದ ಹೊರಬೀಳುವ ಗುಳ್ಳೆಗಳ ಮೂಲಕ ಉಳಿದವಕ್ಕೆ ಸುದ್ದಿ ಮುಟ್ಟಿಸುತ್ತದೆ. ನಮ್ಮ ಮಿಶ್ರತಳಿ ರಾಸುಗಳನ್ನು ಕಾಡುವ ಥೈಲೇರಿಯಾ ಬಿಳಿ ರಕ್ತಕಣದೊಳಗೆ ಅಡಗಿ, ಆ ಕಣವನ್ನೇ ಗಂಟಿನಂತೆ ಹುಚ್ಚಾಪಟ್ಟೆ ವೃದ್ಧಿಸುವಂತೆ ಮಾಡುತ್ತದೆ. ಅಂಥ ಕಣಗಳು ಬಿಡುವ ಗುಳ್ಳೆಗಳ ಮೇಲೂ ಅಧ್ಯಯನಗಳಾಗಿವೆ. ದೇಹವೂ ಸುಮ್ಮನಿರುವುದಿಲ್ಲ. ಕರುಗಳ ಭೇದಿಗೆ ಕಾರಣವಾಗುವ ಕ್ರಿಪ್ಟೊಸ್ಪೊರಿಡಿಯಂ ಕರುಳಿಗೆ ತಾಗಿದಾಗ ಕರುಳಿನ ಕೋಶಗಳೇ ಗುಳ್ಳೆಗಳಲ್ಲಿ ಸೂಕ್ಷ್ಮಜೀವಿನಾಶಕ ವಸ್ತು ತುಂಬಿ ಅದರ ಮೇಲೆ ಬಿಡುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಮತ್ತೆ ಕೊಟ್ಟಿಗೆಗೆ ಬರೋಣ. ಸರ್ರಾ ಜೀವಿ ತನ್ನ ಹೊದಿಕೆ ಪ್ರೋಟೀನನ್ನು ಆಗಾಗ ಬದಲಾಯಿಸುತ್ತದೆ. ದೇಹ ಹಳೆಯ ಹೊದಿಕೆ ಗುರುತಿಸಿ ಹೆಚ್ಚಿನವನ್ನು ಕೊಂದಾಗ ಜ್ವರ ಇಳಿಯುತ್ತದೆ, ಹೊಸ ಹೊದಿಕೆ ತೊಟ್ಟ ಕೆಲವು ಉಳಿದು ಮತ್ತೆ ಹೆಚ್ಚಿದಾಗ ಜ್ವರ ಏರುತ್ತದೆ. ಯಜಮಾನರು ಹೇಳಿದ "ಬರ್ತದೆ, ಹೋಗ್ತದೆ" ಎಂಬುದು ಇದೇ. ಜ್ವರವಿಲ್ಲದ ದಿನ ರಕ್ತದಲ್ಲಿ ಹುಳ ಸಿಗುವುದು ಕಷ್ಟ, ನನಗೂ ಮೊದಲ ದಿನ ಹಾಗಾಯಿತು. ಆದ್ದರಿಂದ ಜ್ವರ ಬಂದ ದಿನವೇ, ಯಾವುದೇ ಔಷಧ ಹಾಕುವ ಮುಂಚೆಯೇ ಕರೆ ಮಾಡಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಂಡು ಬೆಳಿಗ್ಗೆ ಸಂಜೆ ನೋಡಿ ಸಂಘದ ಹಾಲಿನ ಪುಸ್ತಕದ ಹಿಂದಿನ ಪುಟದಲ್ಲೇ ಬರೆದಿಟ್ಟರೆ ನಮಗೆ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. ಲೇಪದಲ್ಲಿ ಸಿಗದಿದ್ದರೆ ರಕ್ತವನ್ನು ತಿರುಗಿಸಿ ಬಿಳಿಕಣಗಳ ಪದರದ ಬಳಿ ಹುಡುಕುವ ವಿಧಾನವಿದೆ, ಪಿಸಿಆರ್ ಪರೀಕ್ಷೆಯೂ ಇದೆ. ಒಂದು ಸಲ ಸಿಗಲಿಲ್ಲ ಎಂದು ಸರ್ರಾ ಅಲ್ಲ ಎಂದು ತೀರ್ಮಾನಿಸುವುದನ್ನು ನಾನಂತೂ ಬಿಟ್ಟಿದ್ದೇನೆ.

ಪರೀಕ್ಷೆಯ ಮೇಲೆ ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣವಿದೆ. ಜ್ವರ, ರಕ್ತಹೀನತೆ, ಹಾಲು ಇಳಿತ ಎಂಬ ಮೂರು ಲಕ್ಷಣ ಥೈಲೇರಿಯಾದಲ್ಲೂ ಬರುತ್ತದೆ, ಬೆಬೀಸಿಯ, ಅನಾಪ್ಲಾಸ್ಮಾದಲ್ಲೂ ಬರುತ್ತದೆ. ಔಷಧ ಮಾತ್ರ ಬೇರೆ ಬೇರೆ. ಥೈಲೇರಿಯಾಕ್ಕೆ ಬುಪಾರ್ವಕ್ವೋನ್, ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್, ಸರ್ರಾಕ್ಕೆ ಕ್ವಿನಾಪೈರಮಿನ್ ಅಥವಾ ಐಸೋಮೆಟಾಮಿಡಿಯಂ. ಬುಪಾರ್ವಕ್ವೋನ್ ದುಬಾರಿ ಔಷಧ, ಅದನ್ನು ಸರ್ರಾ ಹಸುವಿಗೆ ಹಾಕಿಸಿದರೆ ಹಣವೂ ಹೋಯಿತು, ದಿನವೂ ಹೋಯಿತು. ಮೆಡಿಕಲ್ ಅಂಗಡಿಯಿಂದ ತಂದು ಅಂದಾಜಿನಲ್ಲಿ ಕಡಿಮೆ ಪ್ರಮಾಣ ಹಾಕುವುದು ಇನ್ನೂ ಅಪಾಯ, ಬದುಕುಳಿದ ಹುಳಗಳು ಆ ಔಷಧಕ್ಕೆ ಒಗ್ಗಿಕೊಳ್ಳುತ್ತವೆ. ಜ್ವರ ಇಳಿಯಲೆಂದು ಸ್ಟಿರಾಯ್ಡ್ ಚುಚ್ಚುಮದ್ದು ಹಾಕಿಸಬೇಡಿ, ಅಡಗಿದ್ದ ಸರ್ರಾ ಅದರಿಂದ ಕೆರಳುತ್ತದೆ. ಸರ್ರಾ ಇರುವ ರಾಸಿನಲ್ಲಿ ಗಳಲೆ ರೋಗದಂಥ ಲಸಿಕೆಗಳೂ ಪೂರ್ತಿ ಫಲ ಕೊಡುವುದಿಲ್ಲ. ಸರ್ರಾ ಚಿಕಿತ್ಸೆಯ ನಂತರ ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬಾರದು.

ಔಷಧ ಬಿದ್ದ ಮೇಲೆ ಹುಳ ಒಂದೆರಡು ದಿನದಲ್ಲಿ ಕಾಣೆಯಾದರೂ ಕಣ್ಣಿನ ರೆಪ್ಪೆ ಮರುದಿನವೇ ಕೆಂಪಾಗುವುದಿಲ್ಲ. ಓಲೆ ಬಿದ್ದ ಕಣಗಳು ತೆರವಾಗಬೇಕು, ಮಜ್ಜೆ ಹೊಸ ಕಣ ಮಾಡಬೇಕು. ಇದಕ್ಕೆ ವಾರಗಳು ಬೇಕು. ಔಷಧ ಹಿಡಿಯಲಿಲ್ಲ ಎಂದು ಬೇರೆಯವರನ್ನು ಕರೆಸಿ ಇನ್ನೊಂದು ಇಂಜೆಕ್ಷನ್ ಹಾಕಿಸುವ ಆತುರ ಬೇಡ. ಆದರೆ ಜ್ವರ ಮತ್ತೆ ಬಂದರೆ ತಿಳಿಸಲೇಬೇಕು. ಈ ಜೀವಿ ಕೆಲವೊಮ್ಮೆ ಔಷಧ ತಲುಪದ ಮಿದುಳಿನ ದ್ರವದಲ್ಲಿ ಅವಿತು ಮರಳಿ ಬರುತ್ತದೆ. ಹಸು ಸುತ್ತು ಹಾಕುವುದು, ಗೋಡೆಗೆ ತಲೆ ಒತ್ತುವುದು ಕಂಡರೆ ಅದು ತುರ್ತು ಕರೆ.

ಹರಡುವುದು ಕುದುರೆ ನೊಣ ಮತ್ತು ಕೊಟ್ಟಿಗೆಯ ಕಚ್ಚುವ ನೊಣಗಳಿಂದ. ಇವುಗಳ ಕಡಿತ ಉರಿಯುವುದರಿಂದ ಹಸು ಬಾಲ ಬೀಸಿ ಓಡಿಸುತ್ತದೆ, ಅರ್ಧ ಹೊಟ್ಟೆಯ ನೊಣ ಬಾಯಿಯ ಹಸಿ ರಕ್ತದೊಂದಿಗೆ ಪಕ್ಕದ ಹಸುವಿನ ಮೇಲೆ ಕೂರುತ್ತದೆ. ರೋಗದ ರಾಸನ್ನು ಬೇರೆಯವುಗಳಿಂದ ದೂರ ಕಟ್ಟಿದರೆ ಈ ದಾಟುವಿಕೆ ಕಡಿಮೆಯಾಗುತ್ತದೆ. ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರ ಇಡಿ, ಮೇವಿನ ಕೊಳೆತ ಉಳಿಕೆ ತೆಗೆದುಹಾಕಿ. ಒಂದೇ ಸೂಜಿಯಲ್ಲಿ ಹತ್ತು ರಾಸಿಗೆ ಚುಚ್ಚುವುದೂ ನೊಣದ ಕೆಲಸವನ್ನೇ ಮಾಡುತ್ತದೆ, ಯಾರು ಬಂದು ಚುಚ್ಚಿದರೂ ಹೊಸ ಸೂಜಿ ಕೇಳುವ ಹಕ್ಕು ನಿಮಗಿದೆ. ಮನೆಯ ನಾಯಿಯ ಕಣ್ಣು ಹಾಲಿನಂತೆ ಬೆಳ್ಳಗಾಗಿ, ಮುಖ ಊದಿ, ಸೊರಗುತ್ತಿದ್ದರೆ ಅದರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಸರ್ರಾ ನಾಯಿಗೂ ಬರುತ್ತದೆ, ಕೊಟ್ಟಿಗೆಯಲ್ಲಿ ರೋಗವಿದೆ ಎಂಬುದು ಎಷ್ಟೋ ಕಡೆ ನಾಯಿಯಿಂದಲೇ ಮೊದಲು ತಿಳಿಯುವುದು.

ಆ ಹಸುವಿಗೆ ಕ್ವಿನಾಪೈರಮಿನ್ ಕೊಟ್ಟೆವು. ಮೂರನೇ ದಿನ ಮೇವು ತಿಂದಿತು. ಒಳರೆಪ್ಪೆಗೆ ತಿಳಿಗುಲಾಬಿ ಬಣ್ಣ ಬರಲು ಒಂದು ತಿಂಗಳಾಯಿತು, ಹಾಲು 11 ಲೀಟರಿಗೆ ಬಂದು ಆ ಸೂಲಿಗೆ ಅಲ್ಲಿಗೇ ನಿಂತಿತು. ಪಕ್ಕದಲ್ಲಿ ಕಟ್ಟಿದ್ದ ಗಬ್ಬದ ಕಡಸಿನ ರಕ್ತವನ್ನು ಹುಡುಗ ಒತ್ತಾಯ ಮಾಡಿ ಪರೀಕ್ಷೆಗೆ ಕೊಡಿಸಿದ. ಅದರಲ್ಲೂ ಹುಳ ಇತ್ತು, ಹೊರಗೆ ಲಕ್ಷಣ ಏನೂ ಇರಲಿಲ್ಲ.